ಇಟಲಿ ಸುತ್ತೋಕೆ ರೈಲಾ, ಬಾಡಿಗೆ ಕಾರಾ?

ಪ್ರಶ್ನೆ: ನಾವು ಗಂಡ ಹೆಂಡತಿ, ಜೊತೆಗೆ ಅಪ್ಪ ಅಮ್ಮ, ಹತ್ತು ದಿನ ಇಟಲಿಗೆ ಹೊರಟಿದ್ದೇವೆ. ರೋಮ್, ಫ್ಲಾರೆನ್ಸ್, ವೆನಿಸ್ ನೋಡಬೇಕು. ಟಸ್ಕನಿಯ ಒಂದೆರಡು ಹಳ್ಳಿಗೂ ಹೋಗೋ ಆಸೆ. ನಾಲ್ಕು ಜನ ಇದ್ದೀರಲ್ಲ, ಪೂರ್ತಿ ಕಾರೇ ತಗೊಳ್ಳಿ, ಅಗ್ಗ ಆಗುತ್ತೆ ಅಂತಾರೆ. ನಿಜಾನಾ?

ಉತ್ತರ: ಪೂರ್ತಿ ಹತ್ತು ದಿನಕ್ಕೆ ಕಾರು ಬೇಡ. ದೊಡ್ಡ ಊರುಗಳ ನಡುವೆ ರೈಲಿನಲ್ಲಿ ಹೋಗಿ, ಹಳ್ಳಿಗಳಿಗೆ ಮಾತ್ರ ಎರಡು ದಿನ ಕಾರು ತೆಗೆದುಕೊಳ್ಳಿ.

ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಕಾರಿನಲ್ಲಾದರೆ ಮೂರು ಗಂಟೆ, ಆಮೇಲೆ ಪಾರ್ಕಿಂಗ್ ಹುಡುಕಬೇಕು. ಈ ಎರಡು ಊರುಗಳ ನಡುವಿನ ವೇಗದ ಹಳಿಯ ಮೊದಲ ಭಾಗ 1977ರಲ್ಲೇ ಶುರುವಾಯಿತು, ಪೂರ್ತಿ ಮುಗಿದದ್ದು 1992ರಲ್ಲಿ. ಇವತ್ತು ಸರ್ಕಾರಿ ಕಂಪನಿ ಟ್ರೆನ್‌ಇಟಾಲಿಯಾದ ಫ್ರೆಚ್ಚಾರೊಸ್ಸಾ ಮತ್ತು ಖಾಸಗಿಯವರ ಇಟಾಲೊ, ಎರಡೂ ಈ ದಾರಿಯಲ್ಲಿ ಪೈಪೋಟಿಗೆ ಬಿದ್ದು ಓಡುತ್ತವೆ. ಬುಕ್ ಮಾಡುವಾಗ ಎರಡನ್ನೂ ನೋಡಿ. ಬೇಗ ತಗೊಂಡಷ್ಟೂ ಅಗ್ಗ. ಆದರೆ ತೀರಾ ಕಡಿಮೆ ದರದ ಟಿಕೆಟ್‌ಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಸಿಗುವುದಿಲ್ಲ, ಹೊರಡುವ ದಿನ ಗಟ್ಟಿಯಾದ ಮೇಲೆ ತಗೊಳ್ಳಿ. ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಯೂರೇಲ್ ಪಾಸ್ ಬಗ್ಗೆಯೂ ಕೆಲವರು ಕೇಳ್ತಾರೆ. ಒಂದೇ ದೇಶದಲ್ಲಿ ಮೂರು ನಾಲ್ಕು ಪ್ರಯಾಣಕ್ಕೆ ಅದು ಬೇಕಾಗಿಲ್ಲ. ವೇಗದ ರೈಲಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು.

ವೆನಿಸ್ ಟಿಕೆಟ್ ತಗೊಳ್ಳುವಾಗ ನಿಲ್ದಾಣದ ಹೆಸರು ಎರಡು ಸಲ ಓದಿ. ಮೆಸ್ತ್ರೆ ಅನ್ನೋದು ಸಮುದ್ರದ ಈಚೆ ದಡದಲ್ಲಿದೆ. ಸೇತುವೆ ದಾಟಿ ಸಾಂತಾ ಲೂಚಿಯಾದಲ್ಲಿ ಇಳಿದರೆ, ನಿಲ್ದಾಣದ ಮೆಟ್ಟಿಲ ಮುಂದೆಯೇ ದೊಡ್ಡ ಕಾಲುವೆ. ಊರೊಳಗೆ ಕಾರು ಓಡುವ ರಸ್ತೆಯೇ ಇಲ್ಲ. ಅಲ್ಲಿಯತನಕ ಕಾರು ತಂದರೆ ಊರ ಬಾಗಿಲಲ್ಲಿ ನಿಲ್ಲಿಸಿ, ದಿನದ ಬಾಡಿಗೆಯ ಜೊತೆಗೆ ಪಾರ್ಕಿಂಗ್ ಶುಲ್ಕವನ್ನೂ ಕಟ್ಟಬೇಕು, ಅಲ್ವಾ?

ಪೀಸಾದಂಥ ಹತ್ತಿರದ ಊರಿಗೆ ರೆಜೊನಾಲೆ, ಅಂದರೆ ಲೋಕಲ್ ರೈಲು ಸಾಕು. ಫ್ಲಾರೆನ್ಸ್‌ನಿಂದ ಸುಮಾರು ಒಂದು ಗಂಟೆ. ಇದರ ದರ ದೂರದ ಮೇಲೆ, ಹಾಗಾಗಿ ಹೊರಡುವ ದಿನ ತಗೊಂಡರೂ ಅಷ್ಟೇ ದುಡ್ಡು. ಒಂದೇ ಒಂದು ಎಚ್ಚರ. ಕಾಗದದ ಟಿಕೆಟ್ ಇದ್ದರೆ ಪ್ಲಾಟ್‌ಫಾರ್ಮ್ ಹತ್ತಿರ ಗೋಡೆಗೋ ಕಂಬಕ್ಕೋ ಹಾಕಿರುವ ಚಿಕ್ಕ ಮೆಷಿನ್‌ನ ಸೀಳಿನೊಳಗೆ ಅದರ ತುದಿ ತೂರಿಸಿ. ಕರ್ ಅಂತ ಸದ್ದಾಗಿ ದಿನ, ಸಮಯ ಅಚ್ಚಾಗುತ್ತದೆ. ಅಚ್ಚು ಬಿದ್ದಿದೆಯಾ ಅಂತ ಕಣ್ಣಲ್ಲಿ ನೋಡಿ. ಮೊಬೈಲ್ ಟಿಕೆಟ್ ಆದರೆ ಹತ್ತುವ ಮುಂಚೆ ಚೆಕ್-ಇನ್ ಒತ್ತಿ. ಇದು ಮಾಡದಿದ್ದರೆ, ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳಬಹುದು. ನಿಮ್ಮ ತಂದೆಯವರ ಟಿಕೆಟ್ ಅವರ ಜೇಬಿನಲ್ಲೇ ಉಳಿದುಬಿಟ್ಟೀತು, ನಾಲ್ಕೂ ಒಬ್ಬರೇ ಅಚ್ಚು ಹಾಕಿಸಿ.

ಇನ್ನು ಕಾರಿನ ಮಾತು. ದೊಡ್ಡ ತಾಪತ್ರಯ ಜಡ್‌ಟಿಎಲ್. ಹಳೇ ಊರಿನ ಮಧ್ಯಭಾಗದಲ್ಲಿ ಪರ್ಮಿಟ್ ಇಲ್ಲದ ವಾಹನ ಹೋಗುವಂತಿಲ್ಲದ ಪ್ರದೇಶ ಅದು. ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ನಾವು ಹೋದಾಗ ಹೋಟೆಲ್ ಊರೊಳಗಿತ್ತು. ಮೊಬೈಲ್ ಮ್ಯಾಪ್ ತೋರಿಸಿದ ಗಲ್ಲಿಗೆ ತಿರುಗಿದೆವು. ಗಲ್ಲಿಯ ಬಾಯಲ್ಲಿ ಕೆಂಪು ದೀಪದ ಅಕ್ಷರ: ವಾರ್ಕೊ ಅತ್ತೀವೊ. ವಾರ್ಕೊ ಅಂದರೆ ಪ್ರವೇಶದ ದಾರಿ. ಅದು ಅತ್ತೀವೊ, ಅಂದರೆ ಆಕ್ಟಿವ್ ಆಗಿದೆ, ಹೋಗಬಹುದು ಅಂದುಕೊಂಡೆವು. ನಿಜವಾದ ಅರ್ಥ ಉಲ್ಟಾ. ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಬರಬೇಡಿ ಅಂತ. ಮೊದಲು ಬಾಡಿಗೆ ಕಂಪನಿಯವರು ನಮ್ಮ ವಿವರ ಪೊಲೀಸರಿಗೆ ಕೊಟ್ಟಿದ್ದಕ್ಕೆ ಕಾರ್ಡ್‌ನಿಂದ ದುಡ್ಡು ಮುರಿದುಕೊಂಡರು. ಏಳು ತಿಂಗಳಾದ ಮೇಲೆ ದಂಡದ ಪತ್ರ ಬೆಂಗಳೂರಿನ ಮನೆಗೆ ಬಂತು. ಬೆಳಗ್ಗೆ ಒಂದು, ಸಂಜೆ ಒಂದು, ಎರಡು ಸಲ ಒಳಗೆ ಹೋಗಿದ್ದಕ್ಕೆ ಎರಡು ದಂಡ. ಹಾಗಾಗಿ ಹೋಟೆಲ್ ಬುಕ್ ಮಾಡುವಾಗಲೇ ಒಂದು ಮೇಲ್ ಹಾಕಿ ಕೇಳಿ: ನೀವು ಜಡ್‌ಟಿಎಲ್ ಒಳಗಿದ್ದೀರಾ, ನಮ್ಮ ಕಾರಿನ ನಂಬರ್ ನೀವೇ ನೋಂದಾಯಿಸುತ್ತೀರಾ?

ಇಷ್ಟೆಲ್ಲ ಇದ್ದರೂ ಟಸ್ಕನಿಯ ಹಳ್ಳಿಗಳಿಗೆ ಕಾರು ಬೇಕು ಅಂತಲೇ ಹೇಳ್ತೀನಿ. ಸಿಯೆನಾ ಒಂದೇ ಸಾಕು ಅಂದರೆ ಫ್ಲಾರೆನ್ಸ್‌ನಿಂದ ಬಸ್ಸು ಒಳ್ಳೆಯದು. ರೈಲು ನಿಲ್ದಾಣ ಗುಡ್ಡದ ಕೆಳಗಿದೆ, ಬಸ್ಸು ಊರ ಹತ್ತಿರ ತಂದು ಬಿಡುತ್ತದೆ. ಆದರೆ ಪಿಯೆಂಜಾ, ಮೊಂಟಾಲ್ಚಿನೊ ಕಡೆಗೆ ಬಸ್ಸು ತೀರಾ ಕಡಿಮೆ. ಅಲ್ಲಿ ದಾರಿಯೇ ನೋಡುವಂಥದ್ದು. ಗುಡ್ಡದ ಬೆನ್ನ ಮೇಲೆ ಸೈಪ್ರಸ್ ಮರಗಳ ಸಾಲು, ಗೋಧಿ ಹೊಲ, ನಡುವೆ ಒಂಟಿ ಕಲ್ಲು ಮನೆ. ಅಮ್ಮ ಇಲ್ಲಿ ಐದು ನಿಮಿಷ ನಿಲ್ಲಿಸು ಅಂದಾಗ ನಿಲ್ಲಿಸೋಕೆ ಆಗಬೇಕಲ್ವಾ.

ಕಾರನ್ನು ಫ್ಲಾರೆನ್ಸ್ ಊರೊಳಗೆ ತಗೋಬೇಡಿ. ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದ ಪಕ್ಕದಿಂದ ಟಿ2 ಟ್ರಾಮ್ ಇಪ್ಪತ್ತು ನಿಮಿಷದಲ್ಲಿ ವಿಮಾನ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿ ಕಾರು ತಗೊಂಡರೆ ಊರಿನ ಗಲ್ಲಿಗಳ ಗೊಡವೆಯೇ ಇರುವುದಿಲ್ಲ. ವಾಪಸ್ ಕೊಡುವುದೂ ಅಲ್ಲೇ. ಗೇರ್ ಕಾರೇ ಜಾಸ್ತಿ, ಆಟೊಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಹೇಳಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ. ಮೊದಲ ಅರ್ಧ ಗಂಟೆ ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ ಬಲಕ್ಕೆ, ಬಲಕ್ಕೆ ಅಂತ ಹೇಳುತ್ತಿರಲಿ. ಟೋಲ್‌ನಲ್ಲಿ ಟೆಲೆಪಾಸ್‌ಗೆ (ನಮ್ಮ ಫಾಸ್ಟ್ಯಾಗ್ ಥರದ್ದು) ಮಾತ್ರ ಅಂತ ಹಳದಿ ಬೋರ್ಡ್ ಇರುವ ಸಾಲಿಗೆ ಹೋಗಬೇಡಿ. ಒಳಗೆ ಹೋಗುವಾಗ ಚೀಟಿ ತಗೊಂಡು, ಹೊರಗೆ ಬರುವಾಗ ದುಡ್ಡು ಕೊಡಿ. ಬಂಕ್‌ನಲ್ಲಿ ಬೆಂಜೀನಾ ಅಂದರೆ ಪೆಟ್ರೋಲ್, ಗಜೋಲಿಯೊ ಅಂದರೆ ಡೀಸೆಲ್.

ಓಡಿಸುವವರು ಭಾರತದ ಲೈಸೆನ್ಸ್ ಜೊತೆಗೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಂಡಿರಬೇಕು. ಇಲ್ಲಿಂದ ಹೊರಡುವ ಮುಂಚೆಯೇ ನಿಮ್ಮ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಳ್ಳಿ. ಫಾರಂ 4ಎ ತುಂಬಬೇಕು, ಒಂದು ವರ್ಷ ನಡೆಯುತ್ತದೆ. ಇಬ್ಬರೂ ಓಡಿಸುವ ಹಾಗಿದ್ದರೆ ಇಬ್ಬರ ಹೆಸರಿಗೂ ಮಾಡಿಸಿ, ಕಾರಿನ ಬಾಡಿಗೆ ಪತ್ರದಲ್ಲೂ ಇಬ್ಬರ ಹೆಸರು ಬರೆಸಿ.