ಯಾದಗಿರಿಯ ಎಸ್ಸೆಸ್ಸೆಲ್ಸಿ ಫಲಿತಾಂಶ ಯಾಕೆ ಮೇಲೇಳುತ್ತಿಲ್ಲ?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಯಾದಗಿರಿ ಪಟ್ಟಿಯ ತಳದಲ್ಲೇ ಇರುತ್ತದೆ. ಅಲ್ಲಿನ ಮೇಷ್ಟ್ರುಗಳು ಪಾಠ ಮಾಡುವುದಿಲ್ಲವೇ?

ಮೇಷ್ಟ್ರನ್ನು ಆಮೇಲೆ ಬೈಯೋಣ, ಮೊದಲು ಲೆಕ್ಕ ನೋಡಿ. 2023ರಲ್ಲಿ ಜಿಲ್ಲೆಯ ಫಲಿತಾಂಶ ಶೇ 75.49. 2024ರಲ್ಲಿ ಶೇ 50.59. ಎರಡೂ ಸಲ ಕೊನೆಯ ಸ್ಥಾನವೇ. ಆದರೆ ಒಂದೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾಗಲು ಸಾಧ್ಯವಾ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ; ನಕಲು ಕಷ್ಟವಾಯಿತು. ಹೆಚ್ಚು ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು. ಈ ನಿಗಾ ಇಲ್ಲದ ಕಾಲದ ಸಂಖ್ಯೆಯನ್ನು ಪೂರ್ತಿ ನಂಬುವ ಹಾಗಿರಲಿಲ್ಲ, ಅಷ್ಟೇ. 2025ರಲ್ಲಿ ಕೊನೆಯ ಜಾಗ ಪಕ್ಕದ ಕಲಬುರಗಿಗೆ ಹೋಯಿತು, ಶೇ 42.43.

ಇನ್ನು ಊರಿನ ಕಡೆ ಬನ್ನಿ. ದಸರಾ ಕಳೆಯುತ್ತಿದ್ದಂತೆ ಶಹಾಪುರ, ಸುರಪುರದ ಕಡೆ ಹೊಲದಲ್ಲಿ ಹತ್ತಿ ಒಡೆಯುತ್ತದೆ. ಬೆಳಿಗ್ಗೆ ಟಂಟಂ ಗಾಡಿಯಲ್ಲಿ ಹತ್ತಿ ಬಿಡಿಸಲು ಹೊರಡುವವರ ನಡುವೆ ಶಾಲೆಯ ಮಕ್ಕಳೂ ಇರುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ, ಹಾಗಾಗಿ ಚಿಕ್ಕ ಕೈಗೂ ಬೆಲೆ ಇದೆ. ಇನ್ನು ಕೆಲವರ ಮನೆಗೆ ಬೀಗವೇ ಬಿದ್ದಿರುತ್ತದೆ. ಇಡೀ ಸಂಸಾರ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿರುತ್ತದೆ. ಮಗು ಊರಲ್ಲಿಲ್ಲ, ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿದೆ. ಯುಗಾದಿಗೆ ಬರುವಷ್ಟರಲ್ಲಿ ಭಾಗಾಕಾರದ ಪಾಠ ಮುಗಿದಿರುತ್ತದೆ.

ಮನೆಯಲ್ಲಿ ಹೇಳಿಕೊಡಲು ಯಾರಿದ್ದಾರೆ? 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗುರುಮಠಕಲ್ ಗಡಿಯಲ್ಲಿ ತೆಲುಗು. ಒಂದನೇ ತರಗತಿಗೆ ಬಂದ ದಿನ ಕನ್ನಡವೇ ಹೊಸದು.

ಈ ಮಕ್ಕಳನ್ನು ಹತ್ತನೇ ತರಗತಿಯಲ್ಲಿ ಹಿಡಿದು ಸಂಜೆ ವಿಶೇಷ ತರಗತಿ ಮಾಡಿದರೆ ಎಷ್ಟು ಸರಿಹೋದೀತು? ನನ್ನ ಕೇಳಿದರೆ ದುಡ್ಡು, ಗಮನ ಎರಡೂ ಮೂರನೇ ತರಗತಿಗೆ ಮೊದಲು ಹೋಗಬೇಕು. ಅಪ್ಪ ಅಮ್ಮ ಗುಳೆ ಹೋದಾಗ ಮಗು ಊರಲ್ಲೇ ಉಳಿಯಲು ಹಾಸ್ಟೆಲ್ ಬೇಕು.

ಮೇಷ್ಟ್ರ ವಿಷಯಕ್ಕೆ ಬಂದರೆ, ಬೈಯಲು ಮೇಷ್ಟ್ರೇ ಕಡಿಮೆ. ಬೇರೆ ಜಿಲ್ಲೆಯಿಂದ ಬಂದವರು ವರ್ಗಾವಣೆಗೆ ಕಾಯುತ್ತಿರುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸ್ಥಳೀಯರಿಗೆ ಮೀಸಲಾತಿ ಸಿಕ್ಕಿದೆ, ಆದರೂ ಖಾಲಿ ಹುದ್ದೆ ತುಂಬಿಲ್ಲ. ಗಣಿತ, ಇಂಗ್ಲಿಷ್ ಪಾಠ ಎಷ್ಟೋ ಕಡೆ ಅತಿಥಿ ಶಿಕ್ಷಕರ ತಲೆ ಮೇಲೆ. ಅವರ ನೇಮಕ ಆಗುವ ಹೊತ್ತಿಗೆ ಶಾಲೆ ಶುರುವಾಗಿ ಎಷ್ಟೋ ದಿನ ಕಳೆದಿರುತ್ತದೆ.