ಹೋಸ್ಟ್‌ಗೆ ಡ್ರೈವರ್ ಇಲ್ಲದ ಸ್ಕ್ಯಾನರ್, ವರ್ಚುವಲ್ ಮೆಷಿನ್ ಒಳಗೆ ಕೆಲಸ ಮಾಡುತ್ತದೆಯೇ?

ಓದುಗರ ಪ್ರಶ್ನೆ: ನನ್ನ ಹತ್ತಿರ ಹಳೆಯ ಯುಎಸ್‌ಬಿ ಸ್ಕ್ಯಾನರ್ ಒಂದಿದೆ. ಅದರ ಡ್ರೈವರ್ ಸಿಗುವುದು 32 ಬಿಟ್ ವಿಂಡೋಸ್ ಎಕ್ಸ್‌ಪಿಗೆ ಮಾತ್ರ. ಈಗಿರುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮೆಷಿನ್) ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಇನ್‌ಸ್ಟಾಲ್ ಮಾಡಿದರೆ ಸ್ಕ್ಯಾನರ್ ನಡೆಯುತ್ತದೆಯೇ? ಹೊರಗಿನ ವಿಂಡೋಸ್‌ಗೇ ಪರಿಚಯವಿಲ್ಲದ ಸಾಧನ ಒಳಗಿನದಕ್ಕೆ ತಲುಪುವುದು ಹೇಗೆ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ನಡೆಯುತ್ತದೆ. ಹೋಸ್ಟ್‌ನಲ್ಲಿ, ಅಂದರೆ ಹೊರಗಿನ ವಿಂಡೋಸ್‌ನಲ್ಲಿ, ಆ ಸ್ಕ್ಯಾನರ್‌ನ ಡ್ರೈವರ್ ಇರಬೇಕಾಗಿಲ್ಲ. ಡ್ರೈವರ್ ಬೇಕಿರುವುದು ಗೆಸ್ಟ್‌ಗೆ, ಅಂದರೆ ಒಳಗಿನ ಎಕ್ಸ್‌ಪಿಗೆ.

ಯುಎಸ್‌ಬಿಯಲ್ಲಿ ಎರಡು ಬಗೆಯ ಡ್ರೈವರ್‌ಗಳಿವೆ. ಒಂದು, ಮದರ್‌ಬೋರ್ಡ್ ಮೇಲಿರುವ ಯುಎಸ್‌ಬಿ ಕಂಟ್ರೋಲರ್‌ನದು. ಇನ್ನೊಂದು, ಸ್ಕ್ಯಾನರ್, ಪ್ರಿಂಟರ್‌ನಂಥ ಸಾಧನದ್ದು. ಕಂಟ್ರೋಲರ್ ಮಾಡುವುದು ಬೈಟ್‌ಗಳ ಸಾಗಣೆ ಅಷ್ಟೇ. ಆ ಬೈಟ್‌ಗಳಲ್ಲಿ 'ದೀಪ ಹಚ್ಚು' ಎಂಬ ಆಜ್ಞೆ ಇದೆಯೋ, ಸ್ಕ್ಯಾನ್ ಆದ ಚಿತ್ರವಿದೆಯೋ ಎಂದು ಅದು ನೋಡುವುದಿಲ್ಲ. ಅದನ್ನು ಅರ್ಥ ಮಾಡಿಕೊಳ್ಳುವುದು ಎರಡನೆಯ ಡ್ರೈವರ್‌ನ ಕೆಲಸ. ನಿಮ್ಮ ಹೋಸ್ಟ್‌ನಲ್ಲಿ ಮೊದಲನೆಯದು ಇದ್ದೇ ಇದೆ. ಇಲ್ಲದಿದ್ದರೆ ನಿಮ್ಮ ಯುಎಸ್‌ಬಿ ಮೌಸ್ ಕೂಡ ಅಲುಗಾಡುತ್ತಿರಲಿಲ್ಲ ಅಲ್ವಾ?

ಯಾವ ಸಾಧನ ಚುಚ್ಚಿದರೂ ಹೋಸ್ಟ್ ಮೊದಲು ಅದರ ಪರಿಚಯ ಕೇಳುತ್ತದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎಂಬ ಎರಡು 16 ಬಿಟ್ ಸಂಖ್ಯೆಗಳನ್ನು ಸಾಧನ ಹೇಳುತ್ತದೆ. ಆ ಸಂಖ್ಯೆಗಳಿಗೆ ತಕ್ಕ ಡ್ರೈವರ್ ಸಿಗದಿದ್ದರೆ ವಿಂಡೋಸ್ ಅದನ್ನು ಹಳದಿ ಗುರುತು ಹಾಕಿ ಬದಿಗಿಡುತ್ತದೆ. ವರ್ಚುವಲ್‌ಬಾಕ್ಸ್‌ಗೆ ಅಷ್ಟು ಸಾಕು. ಅದು ತನ್ನದೇ ಒಂದು ಸಾಮಾನ್ಯ ಡ್ರೈವರ್ ಅನ್ನು ಆ ಸಾಧನಕ್ಕೆ ಅಂಟಿಸಿ, ಬಂದದ್ದನ್ನೆಲ್ಲ ಗೆಸ್ಟ್‌ಗೆ ದಾಟಿಸುತ್ತದೆ. ಆಗ ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಸ್ಕ್ಯಾನರ್‌ನ ಸಾಲು ಹೋಗಿ 'ವರ್ಚುವಲ್‌ಬಾಕ್ಸ್ ಯುಎಸ್‌ಬಿ' ಎಂದು ಕಾಣುತ್ತದೆ. ಹೆದರಬೇಡಿ, ಆಗಬೇಕಾದದ್ದೇ ಅದು.

ಹೋಸ್ಟ್‌ನಲ್ಲಿ ಡ್ರೈವರ್ ಇಲ್ಲದಿರುವುದು ಕೆಲವೊಮ್ಮೆ ಅನುಕೂಲವೇ. ಡ್ರೈವರ್ ಇದ್ದರೆ ಹೋಸ್ಟ್ ಸಾಧನವನ್ನು ಹಿಡಿದುಕೊಂಡಿರುತ್ತದೆ, ಅದನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಒಂದು ಹೊತ್ತಿಗೆ ಸಾಧನ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಪೆನ್‌ಡ್ರೈವ್ ವಿಷಯದಲ್ಲಂತೂ ಇದನ್ನು ಮರೆಯಲೇಬಾರದು: ಹೋಸ್ಟ್‌ನಲ್ಲಿ ಇಜೆಕ್ಟ್ ಮಾಡದೆ ಒಳಗೆ ಎಳೆದುಕೊಂಡರೆ ಫೈಲ್‌ಗಳು ಹಾಳಾಗಬಹುದು.

ಎಕ್ಸ್‌ಪಿ ಹುಡುಕಲು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ. ಸ್ಕ್ಯಾನರ್ ಚುಚ್ಚಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹಾರ್ಡ್‌ವೇರ್ ಐಡಿ ನೋಡಿ. ಲಿನಕ್ಸ್ ಆದರೆ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಡಿ. ಅಲ್ಲಿ ಸರಿಯಾದ ಸಂಖ್ಯೆಗಳು ಕಂಡರೆ ಅರ್ಧ ಕೆಲಸ ಆದಂತೆ. ತಯಾರಕರ ಸಂಖ್ಯೆ 0000 ಎಂದಿದ್ದು, ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ವಿವರ) ಓದಲು ಆಗಲಿಲ್ಲ ಎಂಬ ದೂರು ಇದ್ದರೆ ಕಥೆ ಬೇರೆ. ಸಾಧನ ತನ್ನ ಪರಿಚಯ ಹೇಳಲೂ ಆಗದ ಸ್ಥಿತಿಯಲ್ಲಿದೆ. ಕೇಬಲ್, ಪೋರ್ಟ್, ಹಬ್ ಬದಲಿಸಿ ನೋಡಿ. ಅದಕ್ಕೆ ವರ್ಚುವಲ್ ಮೆಷಿನ್ ಮದ್ದಲ್ಲ. ಡ್ರೈವರ್ ಇಲ್ಲದಿರುವುದೂ ಹಾರ್ಡ್‌ವೇರ್ ಕೆಟ್ಟಿರುವುದೂ ಒಂದೇ ಎಂದುಕೊಂಡು ತಲೆ ಕೆಡಿಸಿಕೊಳ್ಳುವವರು ಜಾಸ್ತಿ.

ಇನ್ನು ಸೆಟ್ಟಿಂಗ್. ಗೆಸ್ಟ್‌ನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಕಂಟ್ರೋಲರ್ ಯಾವ ಬಗೆಯದು ಎಂದು ಆರಿಸಬೇಕು: 1.1, 2.0, 3.0. ದೊಡ್ಡದೇ ಇರಲಿ ಎಂದು 3.0 ಆರಿಸಿದರೆ ಎಕ್ಸ್‌ಪಿಯಲ್ಲಿ ಏನೂ ಕಾಣಿಸುವುದಿಲ್ಲ. ಯುಎಸ್‌ಬಿ 3 ಕಂಟ್ರೋಲರ್‌ನ ಡ್ರೈವರ್ ವಿಂಡೋಸ್ ಜೊತೆಯಲ್ಲೇ ಬರತೊಡಗಿದ್ದು ವಿಂಡೋಸ್ 8ರಿಂದ. ಎಕ್ಸ್‌ಪಿಗೆ 2.0 ಸರಿ, ಅದೂ ಸರ್ವಿಸ್ ಪ್ಯಾಕ್ 1 ಅಥವಾ ನಂತರದ್ದಿರಬೇಕು. ಲ್ಯಾಪ್‌ಟಾಪ್‌ನಲ್ಲಿರುವ ಪೋರ್ಟ್ ಯಾವುದು ಎಂಬ ಚಿಂತೆ ಬೇಡ. ಎಕ್ಸ್‌ಪಿ ನೋಡುವುದು ವರ್ಚುವಲ್ ಕಂಟ್ರೋಲರ್ ಅನ್ನು ಮಾತ್ರ. ವರ್ಚುವಲ್‌ಬಾಕ್ಸ್ 7.0ಕ್ಕಿಂತ ಹಳೆಯದಾಗಿದ್ದರೆ 2.0 ಮತ್ತು 3.0 ಬೇಕೆಂದರೆ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಹೆಚ್ಚುವರಿ ಕಂತನ್ನು ಬೇರೆಯಾಗಿ ಹಾಕಬೇಕಿತ್ತು. 7.0ರಿಂದ ಅವು ಮೂಲ ಪ್ಯಾಕೇಜಿನಲ್ಲೇ ಇವೆ.

ಗೆಸ್ಟ್ ಓಡುತ್ತಿರುವಾಗ ಡಿವೈಸಸ್ ಮೆನುವಿನ ಯುಎಸ್‌ಬಿ ಪಟ್ಟಿಯಲ್ಲಿ ಸ್ಕ್ಯಾನರ್ ಮೇಲೆ ಕ್ಲಿಕ್ ಮಾಡಿದರೆ ಅದು ಒಳಗೆ ಹೋಗುತ್ತದೆ. ಆಮೇಲೆ ಎಕ್ಸ್‌ಪಿಯಲ್ಲಿ ಹಳೆಯ ಸಿಡಿಯಲ್ಲಿದ್ದ ಡ್ರೈವರ್ ಹಾಕಿ. ಹೋಸ್ಟ್ ಲಿನಕ್ಸ್ ಆಗಿದ್ದು ಪಟ್ಟಿ ಖಾಲಿ ಕಂಡರೆ, ನಿಮ್ಮ ಬಳಕೆದಾರ ಖಾತೆ 'ವಿಬಾಕ್ಸ್‌ಯೂಸರ್ಸ್' ಗುಂಪಿನಲ್ಲಿಲ್ಲ ಎಂದೇ ಮೊದಲು ಅನುಮಾನಿಸಿ. ಸೇರಿಸಿದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಬರಬೇಕು.

ಪ್ರತಿ ಸಲ ಕ್ಲಿಕ್ ಮಾಡುವ ರಗಳೆ ಬೇಡವೆಂದರೆ ಫಿಲ್ಟರ್ ಹಾಕಬಹುದು, ಅಂದರೆ 'ಈ ಸಾಧನ ಕಂಡರೆ ತಾನಾಗಿ ಗೆಸ್ಟ್‌ಗೆ ಕೊಡು' ಎಂಬ ನಿಯಮ. ಎಷ್ಟೋ ಜನ ಎಡವುವುದು ಇಲ್ಲೇ. ಪಟ್ಟಿಯಿಂದ ಸಾಧನವನ್ನು ಆರಿಸಿ ಫಿಲ್ಟರ್ ಮಾಡಿದರೆ ವರ್ಚುವಲ್‌ಬಾಕ್ಸ್ ಸಿಕ್ಕ ವಿವರಗಳನ್ನೆಲ್ಲ ತುಂಬಿಬಿಡುತ್ತದೆ: ಉತ್ಪನ್ನದ ಹೆಸರು, ಆವೃತ್ತಿ, ಸೀರಿಯಲ್ ನಂಬರ್. ಒಂದು ಹೊಂದದಿದ್ದರೂ ಫಿಲ್ಟರ್ ಕೆಲಸ ಮಾಡುವುದಿಲ್ಲ. ಕೆಲವು ಸಾಧನಗಳಲ್ಲಿ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಓಡುವ ಪ್ರೋಗ್ರಾಂ, ಖಾಯಂ ಆಗಿ ಇರುವುದಿಲ್ಲ. ಚುಚ್ಚಿದಾಗ ಒಂದು ಗುರುತು ಹೇಳುತ್ತವೆ, ಡ್ರೈವರ್ ಫರ್ಮ್‌ವೇರ್ ಕಳಿಸಿದ ಮೇಲೆ ಸಂಪರ್ಕ ಕಡಿದುಕೊಂಡು ಬೇರೊಂದು ಉತ್ಪನ್ನ ಸಂಖ್ಯೆಯೊಂದಿಗೆ ಮತ್ತೆ ಬರುತ್ತವೆ. ಹೋಸ್ಟ್‌ಗೆ ಅದು ಹೊಸ ಸಾಧನ. ಫಿಲ್ಟರ್ ಹಿಡಿಯುವುದಿಲ್ಲ, ಸಾಧನ ಹೊರಗೇ ಉಳಿಯುತ್ತದೆ. 'ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ' ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಫಿಲ್ಟರ್‌ನಲ್ಲಿ ತಯಾರಕರ ಸಂಖ್ಯೆ ಮಾತ್ರ ಇಟ್ಟು, ಮಿಕ್ಕ ಜಾಗಗಳನ್ನು ಖಾಲಿ ಬಿಡಿ. ನಂತರ ಸಾಧನವನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿ. ಅದೇ ತಯಾರಕರ ಇನ್ನೊಂದು ಸಾಧನವಿದ್ದರೆ ಅದೂ ಒಳಗೆ ಹೋಗುತ್ತದೆ, ಅಷ್ಟು ನೋಡಿಕೊಳ್ಳಿ.

ಎಲ್ಲ ಸಾಧನಗಳಿಗೂ ಈ ದಾರಿ ಒಗ್ಗುವುದಿಲ್ಲ. ಸ್ಕ್ಯಾನರ್, ಪ್ರಿಂಟರ್, ಸಾಫ್ಟ್‌ವೇರ್ ಡಾಂಗಲ್ (ಪ್ರೋಗ್ರಾಂ ಓಡಲು ಚುಚ್ಚಿರಬೇಕಾದ ಯುಎಸ್‌ಬಿ ಕೀಲಿ) ಸಾಮಾನ್ಯವಾಗಿ ಸುಲಭ. ಡೇಟಾ ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ. ವೆಬ್‌ಕ್ಯಾಮ್, ಆಡಿಯೋ ಸಾಧನಗಳು ಹಾಗಲ್ಲ. ಅವು ಗಡಿಯಾರದ ಲೆಕ್ಕದಲ್ಲಿ ಡೇಟಾ ಕಳಿಸುತ್ತವೆ, ತಪ್ಪಿದ್ದನ್ನು ಮತ್ತೆ ಕಳಿಸುವುದಿಲ್ಲ. ನಡುವೆ ಇನ್ನೊಂದು ಪದರ ಬಂದರೆ ಚಿತ್ರ ತುಂಡಾಗುತ್ತದೆ, ಸದ್ದು ಕರಕರ ಎನ್ನುತ್ತದೆ. ಲಿನಕ್ಸ್ ಹೋಸ್ಟ್ ಇದ್ದು, ಪ್ರಾಸೆಸರ್‌ನಲ್ಲಿ ಐಒಎಂಎಂಯು (ಹಾರ್ಡ್‌ವೇರನ್ನು ನೇರವಾಗಿ ಗೆಸ್ಟ್‌ಗೆ ಕೊಡಲು ಬೇಕಾದ) ಸೌಲಭ್ಯವಿದ್ದರೆ, ಲಿನಕ್ಸ್‌ನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಕೆವಿಎಂ ಮೂಲಕ ಇಡೀ ಯುಎಸ್‌ಬಿ ಕಂಟ್ರೋಲರ್ ಕಾರ್ಡನ್ನೇ ಗೆಸ್ಟ್‌ಗೆ ಒಪ್ಪಿಸಬಹುದು. ಆದರೆ ಆ ಕಂಟ್ರೋಲರ್‌ಗೆ ಗೆಸ್ಟ್‌ನಲ್ಲೇ ಡ್ರೈವರ್ ಬೇಕು. ಸ್ಕ್ಯಾನರ್ ಒಂದಕ್ಕಾಗಿ ಅಷ್ಟು ದೂರ ಹೋಗುವುದು ಸುಮ್ನೆ ದಂಡ.

ಆಪಲ್ ಸಿಲಿಕಾನ್ (ಇಂಟೆಲ್ ಬದಲು ಆಪಲ್‌ನದೇ ಎಆರ್‌ಎಂ ಬಗೆಯ ಪ್ರಾಸೆಸರ್) ಮ್ಯಾಕ್ ಇರುವವರಿಗೆ ಬೇರೆ ತೊಡಕು. ಅಲ್ಲಿ ಸರಾಗವಾಗಿ ಓಡುವುದು ಎಆರ್‌ಎಂ ಪ್ರಾಸೆಸರ್‌ಗಾಗಿ ಇರುವ ವಿಂಡೋಸ್. ಅದು ಹಳೆಯ ಇಂಟೆಲ್ ಪ್ರೋಗ್ರಾಂಗಳನ್ನು ಅನುಕರಣೆಯಿಂದ ಓಡಿಸಬಲ್ಲದು, ಹಳೆಯ ಇಂಟೆಲ್ ಡ್ರೈವರ್‌ಗಳನ್ನಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಹಾಗಾಗಿ ಗೆಸ್ಟ್‌ನ ನೆಟ್‌ವರ್ಕ್ ಅಡಾಪ್ಟರ್ ಆಫ್ ಮಾಡಿಬಿಡಿ, ಸ್ಕ್ಯಾನರ್‌ಗೆ ಇಂಟರ್‌ನೆಟ್ ಬೇಕಿಲ್ಲ. ಸ್ಕ್ಯಾನ್ ಆದ ಫೈಲ್‌ಗಳನ್ನು ಹೋಸ್ಟ್ ಮತ್ತು ಗೆಸ್ಟ್ ಎರಡಕ್ಕೂ ಕಾಣುವ ಶೇರ್ಡ್ ಫೋಲ್ಡರ್ ಮೂಲಕ ಹೊರಗೆ ತನ್ನಿ. ಡ್ರೈವರ್ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಬಹುದಾದ, ಗೆಸ್ಟ್‌ನ ಆ ಹೊತ್ತಿನ ಸ್ಥಿತಿ) ತೆಗೆದಿಟ್ಟರೆ, ಕೆಟ್ಟರೂ ಎಕ್ಸ್‌ಪಿಯನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡುವ ಕಷ್ಟ ತಪ್ಪುತ್ತದೆ.