ಎಂವೈ, ಎಂಇ, ಸಿಎ, ಕೆಎ: ನಂಬರ್ ಪ್ಲೇಟ್ ಸರಣಿಗಳ ಪಟ್ಟಿ ಇನ್ನೂ ಏಕೆ ಅಪೂರ್ಣ?

ನಂಬರ್ ಪ್ಲೇಟುಗಳನ್ನು ಸರಣಿವಾರು (ಒಂದೇ ಅಕ್ಷರಗುಚ್ಛದಡಿ ಬರುವ ಸಂಖ್ಯೆಗಳ ಸಾಲು ಒಂದು ಸರಣಿ) ಸಂಗ್ರಹಿಸುವ ಹವ್ಯಾಸ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಸಂಗ್ರಾಹಕರ ಸಂಘ 1954ರಲ್ಲೇ ಹುಟ್ಟಿತು. ಹಲವು ರಾಜ್ಯಗಳು ವರ್ಷ ವರ್ಷವೂ ಹೊಸ ತಗಡು ಕೊಡುತ್ತಿದ್ದುದರಿಂದ ಹಳೆಯದು ಮಾಲೀಕನ ಕೈಯಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಸಂಖ್ಯೆಯು ವಾಹನದೊಂದಿಗೇ ಇದ್ದು ವಾಹನದೊಂದಿಗೇ ಗುಜರಿಗೆ ಹೋಗುತ್ತದೆ. ಹೀಗಾಗಿ ಇಲ್ಲಿನ ಆಸಕ್ತರು ಕೂಡಿಹಾಕುವುದು ತಗಡಿಗಿಂತ ಹೆಚ್ಚಾಗಿ ವಿವರಗಳನ್ನು: ಸರಣಿ ಯಾವ ಸಾರಿಗೆ ಕಚೇರಿಯದು (ಆರ್‌ಟಿಒ), ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬುದನ್ನು.

1939ರ ಮೋಟಾರು ವಾಹನ ಕಾಯ್ದೆ ಪ್ರಾಂತ್ಯಗಳಿಗೆ ಅಕ್ಷರಗಳನ್ನು ಹಂಚಿತು, 1956ರ ಏಕೀಕರಣ ಮುಂಬಯಿ ಮತ್ತು ಮದ್ರಾಸಿನ ಅಕ್ಷರ ಹೊತ್ತ ವಾಹನಗಳನ್ನು ಮೈಸೂರು ರಾಜ್ಯದೊಳಗೆ ತಂದಿತು, 1973ರಲ್ಲಿ ರಾಜ್ಯದ ಹೆಸರೇ ಬದಲಾಯಿತು. ಹಳೆಯ ಪದ್ಧತಿಯಲ್ಲಿ ಮೂರು ಅಕ್ಷರ, ನಂತರ ಗರಿಷ್ಠ ನಾಲ್ಕು ಅಂಕಿ. 9999 ತಲುಪಿದರೆ ಇನ್ನೊಂದು ಅಕ್ಷರಗುಚ್ಛ. ಕೇರಳದಲ್ಲಿ ಕೆಎಲ್‌ಟಿ ಎಂದರೆ ತಿರುವನಂತಪುರ, ಕೆಎಲ್‌ಕೆ ಎಂದರೆ ಕೋಟ್ಟಯಂ ಎಂದು ಕಂಡೊಡನೆ ತಿಳಿಯುತ್ತಿತ್ತು. ನಮ್ಮ ರಾಜ್ಯದ ಹಳೆಯ ಎಂವೈ, ಎಂಇ, ಸಿಎ ಗುಂಪುಗಳಲ್ಲಿ ಆ ಸುಲಭದ ಸುಳಿವಿಲ್ಲ. ಯಾವ ಮೂರನೆಯ ಅಕ್ಷರ ಯಾವ ಜಿಲ್ಲೆಗೆ ಹೋಯಿತು ಎಂಬುದನ್ನು ಒಂದೊಂದು ವಾಹನದ ದಾಖಲೆ ನೋಡಿಯೇ ಹೇಳಬೇಕಾಗುತ್ತದೆ.

1989ರ ಜುಲೈ 1ರಂದು 1988ರ ಕಾಯ್ದೆ ಜಾರಿಗೆ ಬಂದ ಮೇಲೆ ಪಟ್ಟಿ ಮಾಡುವವರಿಗೆ ದಾರಿ ತೆರೆಯಿತು. ಕೆಎ ಎಂಬುದು ರಾಜ್ಯ, ಮುಂದಿನ ಎರಡಂಕಿ ಕಚೇರಿ, ಅದರಾಚೆಯ ಅಕ್ಷರದಲ್ಲಿ ವಾಹನದ ಜಾತಿ. ಎಂ ಕಾರುಗಳಿಗೆ, ಎಫ್ ಸಾರಿಗೆ ಸಂಸ್ಥೆಯ ಬಸ್ಸುಗಳಿಗೆ, ಜಿ ಸರ್ಕಾರಿ ವಾಹನಗಳಿಗೆ. 1 ಮತ್ತು 0 ಎಂದು ಭ್ರಮೆ ಹುಟ್ಟಿಸುವ ಐ, ಒ ಅಕ್ಷರಗಳನ್ನು ಕೈಬಿಡಲಾಗಿದೆ. ಕೆಎ 09 ಎಫ್ ಎಂದು ಓದಿದೊಡನೆ ಅದು ಮೈಸೂರಿನಲ್ಲಿ ನೋಂದಣಿಯಾದ ಸಾರಿಗೆ ಬಸ್ಸು ಎಂದು ಊರು ಬಿಟ್ಟು ಹೊರಗಿರುವವರೂ ಹೇಳಬಲ್ಲರು. ಕಚೇರಿ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ರಾಜ್ಯದ ಬೆಳವಣಿಗೆಯೇ ಕಾಣುತ್ತದೆ: ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಆದರೆ ಅದಕ್ಕೂ ಮೊದಲೇ ಕೆಎ 20 ರಸ್ತೆಯಲ್ಲಿತ್ತು, ಮೈಸೂರಿಗೆ 09 ಸಾಲದೆ 55 ಬಂತು, ಬೆಂಗಳೂರು 01ರಿಂದ 05ರವರೆಗಿನ ತನ್ನ ಮೊದಲ ಪಾಲನ್ನು ಮೀರಿ 41, 50, 51, 53 ಎಂದು ಹರಡಿತು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲೂ ಪ್ರತಿ ಸರಣಿಯ ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು ಸಾರ್ವಜನಿಕರು ಒಂದೆಡೆ ನೋಡುವಂತಿಲ್ಲ ಎಂಬುದು ಬೇಸರದ ಸಂಗತಿ.

ಫಲಕದ ರೂಪವೂ ಪಟ್ಟಿಗೆ ಸೇರಬೇಕಾದ ವಿವರವೇ. ಖಾಸಗಿ ಕಾರುಗಳ ಕಪ್ಪು ಫಲಕದ ಮೇಲಿನ ಬಿಳಿ ಅಕ್ಷರ 2000ದ ದಶಕದ ಆರಂಭದಲ್ಲಿ ಬಿಳಿಯ ಮೇಲಿನ ಕಪ್ಪಾಯಿತು. ಅಲ್ಲಿಯವರೆಗೆ ಹೆಚ್ಚಿನವನ್ನು ಪೇಂಟರುಗಳು ಕುಂಚದಲ್ಲಿ ಬರೆಯುತ್ತಿದ್ದರು. ಅಂಕಿಯ ಅಂಚಿಗೆ ತೆಳುವಾದ ನೆರಳು ಕೊಡುವವರಿದ್ದರು, ಪಕ್ಕದಲ್ಲೇ ಕನ್ನಡ ಅಂಕಿಯಲ್ಲೂ ಸಂಖ್ಯೆ ಬರೆಸಿಕೊಳ್ಳುವವರಿದ್ದರು, ನಿಯಮ ರೋಮನ್ ಅಕ್ಷರವನ್ನೇ ಕೇಳುತ್ತಿದ್ದರೂ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ರಾಜ್ಯವು 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿತು. ಕಳ್ಳತನ ಮತ್ತು ನಕಲಿ ಫಲಕ ತಡೆಯುವ ಈ ಉದ್ದೇಶ ಒಪ್ಪತಕ್ಕದ್ದೇ. ಆದರೆ ಕಳಚಿದ ಫಲಕಗಳ ಒಂದು ಫೋಟೊವನ್ನಾದರೂ ಉಳಿಸಿಕೊಳ್ಳುವ ಏರ್ಪಾಡು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಐವತ್ತು ವರ್ಷ ಮೀರಿದ ವಿಂಟೇಜ್ ವಾಹನಗಳ ಮಟ್ಟಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿ ಸಮಾಧಾನ ತಂದಿದೆ. ಹೊಸದಾಗಿ ನೋಂದಣಿಯಾಗುವವಕ್ಕೆ ವಿಎ ಸರಣಿ. ಈಗಾಗಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಕಷ್ಟವಿರುವುದು 1980ರ ದಶಕದ ಮಾರುತಿ, ಪ್ರೀಮಿಯರ್ ಪದ್ಮಿನಿಗಳದ್ದು. ಅವು ವಿಂಟೇಜ್ ಆಗುವಷ್ಟು ಹಳೆಯವಲ್ಲ, ದಿನನಿತ್ಯ ಓಡಿಸುವಷ್ಟು ಹೊಸವೂ ಅಲ್ಲ. ಮೂರಕ್ಷರದ ಕೊನೆಯ ಸರಣಿಗಳ ಸಾಕ್ಷ್ಯ ಉಳಿದಿರುವುದು ಅವುಗಳಲ್ಲೇ.

ಪಟ್ಟಿ ತುಂಬಲು ಇಂದಿಗೂ ನಂಬಬಹುದಾದ ಆಧಾರವೆಂದರೆ ಕಾಗದದ ಆರ್‌ಸಿ ಪುಸ್ತಕ. ಒಂದೇ ಸರಣಿಯ ಒಂದು ಚಿಕ್ಕ ಸಂಖ್ಯೆಯ ಪುಸ್ತಕ ಮತ್ತು 9000 ದಾಟಿದ ಇನ್ನೊಂದು ಪುಸ್ತಕ ಸಿಕ್ಕರೆ, ಎರಡರ ನೋಂದಣಿ ದಿನಾಂಕಗಳಿಂದ ಆ ಸರಣಿಯ ಆಯುಷ್ಯ ಹೆಚ್ಚುಕಡಿಮೆ ತಿಳಿಯುತ್ತದೆ, ಮೊಹರಿನಿಂದ ಕಚೇರಿ ಖಚಿತವಾಗುತ್ತದೆ. ಮಾಲೀಕರ ಹೆಸರು, ವಿಳಾಸ ಬೇಕಿಲ್ಲ. ಅಕ್ಷರಗುಚ್ಛ, ಸಂಖ್ಯೆಯ ಸಾವಿರದ ಸ್ಥಾನ, ದಿನಾಂಕ, ಕಚೇರಿಯ ಹೆಸರು ಗುರುತು ಮಾಡಿಕೊಂಡರೆ ಸಾಕು. ವಾಹನ ಮಾರಿದ ಮನೆಗಳಲ್ಲೂ ಆ ಪುಸ್ತಕದ ಜೆರಾಕ್ಸ್ ಪ್ರತಿ ಹಳೆಯ ವಿಮೆ ಕಾಗದಗಳ ಜೊತೆ ಇರುವುದುಂಟು.